ಸೈಫನ್‌ನ ಹಲ್ಲುಕಿರಿಯುವ ರಾಜರು

ಜರ್ಮನಿಯ ಡ್ರೆಸ್ಡೆನ್‌ನಿಂದ ದಕ್ಷಿಣಕ್ಕೆ ಹೋದರೆ, ಚೆಕ್ ಗಡಿಯ ಮಗ್ಗುಲಲ್ಲೇ ಸೈಫನ್ ಅನ್ನೋ ಊರು. ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳ ನಡುವೆ ಒಂದು ಬೀದಿ, ಎಲ್ಲಿ ನೋಡಿದರೂ ಮರದ ಗೊಂಬೆ ಅಂಗಡಿಗಳು. ಗಾಜಿನ ಹಿಂದೆ ಕೆಂಪು ಕೋಟಿನ ರಾಜರು ಹಲ್ಲುಕಿರಿದು ನಿಂತಿದ್ದರು. ಇವರೇ ನಟ್‌ಕ್ರ್ಯಾಕರ್‌ಗಳು, ಅಂದರೆ ಗಟ್ಟಿ ಚಿಪ್ಪಿನ ಕಾಯಿ ಒಡೆಯುವ ಗೊಂಬೆಗಳು. ಬೆನ್ನಿನ ಹಿಡಿ ಎತ್ತಿದರೆ ಬಾಯಿ ತೆರೆಯುತ್ತದೆ. ಕಾಯಿ ಇಟ್ಟು ಹಿಡಿ ಒತ್ತಿದರೆ ಟಪ್ ಅಂತ ಒಡೆಯುತ್ತದೆ.

ಹಿಂದೆ ಇದು ತವರದ ಗಣಿಗಳ ಊರು. ಅದಿರು ಕಡಿಮೆಯಾದಂತೆ ಗಣಿಯವರು ಹೊಟ್ಟೆಪಾಡಿಗೆ ಮರ ಕಡೆಯತೊಡಗಿದರು. ಈ ಕೆಂಪು ಕೋಟಿನ ರಾಜನನ್ನು 1870ರ ಸುಮಾರಿಗೆ ರೂಪಿಸಿದ್ದು ಇಲ್ಲಿನ ವಿಲ್ಹೆಲ್ಮ್ ಫ್ಯೂಖ್ಟ್ನರ್. ಅವರ ಮನೆತನದವರು ಈಗಲೂ ಅದನ್ನೇ ಮಾಡುತ್ತಾರೆ. ಗೊಂಬೆಗಳ ವೇಷ ರಾಜ, ಪೊಲೀಸ್, ಸೈನಿಕರದ್ದು. ಜೀವನವಿಡೀ ಬಡವರ ಮೇಲೆ ದರ್ಪ ತೋರಿದವರ ಕೈಲಿ ಕಾಯಿ ಒಡೆಸೋದು! ಊರಿನವರ ಕುಚೋದ್ಯ ನನಗೆ ಬಹಳ ಹಿಡಿಸಿತು.

ಆದರೆ ಸೈಫನ್‌ಗೆ ಹೋಗಿ ಬರೀ ರಾಜರನ್ನು ನೋಡಿ ಬಂದರೆ ನಷ್ಟ. ಊರಿನ ಬಯಲು ವಸ್ತುಸಂಗ್ರಹಾಲಯದಲ್ಲಿ ಮರದ ಬಳೆ ಕಡೆದು ಅದರಿಂದ ಪ್ರಾಣಿಗೊಂಬೆ ಮಾಡುವ ಕೆಲಸ ನೋಡಲೇಬೇಕು. ಸ್ಪ್ರೂಸ್ ಮರದ ದಿಮ್ಮಿಯಿಂದ ಅಡ್ಡಕ್ಕೆ ಕೊಯ್ದ ಹಸಿ ಬಿಲ್ಲೆಯನ್ನು ಲೇತ್‌ಗೆ, ಅಂದರೆ ಮರ ತಿರುಗಿಸಿ ಕಡೆಯುವ ಯಂತ್ರಕ್ಕೆ, ಸಿಕ್ಕಿಸುತ್ತಾರೆ. ಒದ್ದೆ ಮರದ ಸಿಪ್ಪೆ ರಿಬ್ಬನ್‌ನಂತೆ ಸುರುಳಿಯಾಗಿ ಹಾರಿ ಕುಶಲಕರ್ಮಿಯ ತೋಳಿನ ಮೇಲೆಲ್ಲ ಬೀಳುತ್ತಿತ್ತು. ಒಂದು ಬದಿ ಆದ ಮೇಲೆ ಬಿಲ್ಲೆ ತಿರುಗಿಸಿ ಇನ್ನೊಂದು ಬದಿ. ನೋಡಿದರೆ ಏರಿಳಿತಗಳಿರುವ ಬಳೆ, ಅಷ್ಟೇ. ಪ್ರಾಣಿಯ ಆಕಾರ ಒಳಗೇ ಅಡಗಿರುತ್ತದೆ, ಕಡೆಯುವವನಿಗೂ ಕಾಣುವುದಿಲ್ಲ. ಎಲ್ಲ ಕೈಯ ಅಂದಾಜು. ಆಮೇಲೆ ಚಾಕು ಇಟ್ಟು ಒಂದು ಪೆಟ್ಟು. ಸೀಳಿದ ಜಾಗದಲ್ಲಿ ಕುದುರೆ! ಬೆನ್ನು, ಹೊಟ್ಟೆ, ಕಾಲು ಎಲ್ಲ ಸರಿಯಾಗಿದೆ. ಹೀಗೆ ಒಂದೇ ಬಳೆಯಿಂದ ಕುದುರೆಗಳ ಹಿಂಡೇ ಬರುತ್ತದೆ. ಮೂಲೆಗಳನ್ನು ಕೈಚಾಕುವಿನಿಂದ ಕೆತ್ತಿ ದುಂಡಗೆ ಮಾಡಿ, ಕಿವಿ ಬಾಲ ಅಂಟಿಸಿ ಬಣ್ಣ ಹಚ್ಚುತ್ತಾರೆ.

ಚನ್ನಪಟ್ಟಣದಲ್ಲೂ ಲೇತ್ ಇದೆ, ಆದರೆ ಅಲ್ಲಿ ಮರ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುತ್ತಾರೆ. ಇಲ್ಲಿ ಕುಂಚದ ಕೆಲಸ ಜಾಸ್ತಿ.

ಡಿಸೆಂಬರ್‌ನಲ್ಲಿ ಹೋದರೆ ಕಿಟಕಿ ಕಿಟಕಿಗೂ ದೀಪದ ಕಮಾನು, ಆದರೆ ಕಾಲಿಡಲು ಜಾಗ ಇರಲ್ಲ. ನಾನು ಒಂದು ಪುಟ್ಟ ರಾಜನನ್ನು ಕೊಂಡೆ. "ಹೇಜಲ್‌ನಟ್ ಮಾತ್ರ ಇಡಿ, ಗಟ್ಟಿ ಕಾಯಿಗೆ ದವಡೆ ಮುರಿಯುತ್ತೆ" ಎಂದು ಅಂಗಡಿಯಾಕೆ ಕೈಸನ್ನೆ ಸಮೇತ ಎಚ್ಚರಿಸಿದರು. ನಾನು ಅಡಿಕೆಯ ಸುದ್ದಿ ಎತ್ತಲೇ ಇಲ್ಲ.