ಕಾರವಾರದ ಫ್ಲ್ಯಾಟೋ, ಶಿರಸಿಯ ನಾಲ್ಕು ಗುಂಟೆಯೋ

ಉತ್ತರ ಕನ್ನಡದ ವಿಸ್ತೀರ್ಣ 10,291 ಚದರ ಕಿಲೋಮೀಟರ್. ಅದರಲ್ಲಿ ಸುಮಾರು ಶೇ 80ರಷ್ಟು ಅರಣ್ಯ. ಉಳಿದುದರಲ್ಲಿ ಗದ್ದೆ, ತೋಟ, ಹೊಳೆ, ರಸ್ತೆ, ಊರುಗಳನ್ನೆಲ್ಲ ಕಳೆದರೆ ಹೊಸದಾಗಿ ಮನೆ ಕಟ್ಟಲು ಕಾನೂನು ಒಪ್ಪುವ ನೆಲ ಬಹಳ ಕಡಿಮೆ. ಜಾಗ ಕೊಳ್ಳುವುದೋ ಫ್ಲ್ಯಾಟ್ ಕೊಳ್ಳುವುದೋ ಎಂಬ ಪ್ರಶ್ನೆಗೆ ಬೆಂಗಳೂರಿನವರು ಕೊಡುವ ಉತ್ತರವನ್ನು ನಮ್ಮ ಜಿಲ್ಲೆಗೆ ಹಾಗೆಯೇ ತಂದರೆ ಹೊಂದುವುದಿಲ್ಲ ಎಂದು ನನಗೆ ಮನವರಿಕೆಯಾದದ್ದು ಈ ಒಂದು ಕಾರಣದಿಂದಲೇ. ಇಲ್ಲಿ ನೋಡಬೇಕಾದದ್ದು ಮೊದಲು ನೆಲದ ಜಾತಕ, ಆಮೇಲೆ ಬೆಲೆ.

ನಾನೂ ನನ್ನ ಹೆಂಡತಿಯೂ ಕಾರವಾರದಲ್ಲಿ ನೌಕರಿಯಲ್ಲಿದ್ದೇವೆ, ಬಾಡಿಗೆ ಮನೆಯಲ್ಲಿದ್ದೇವೆ. ಅಪ್ಪ, ಆಯಿ ಶಿರಸಿ ತಾಲೂಕಿನ ಹಳ್ಳಿಯಲ್ಲಿದ್ದಾರೆ. ಅಲ್ಲಿಯ ಮನೆ, ತೋಟ ಅವನ್ನು ನೋಡಿಕೊಂಡು ಬಂದ ಅಣ್ಣನಿಗೇ ಸೇರಬೇಕೆಂಬುದು ನಮ್ಮೆಲ್ಲರ ಒಪ್ಪಿಗೆ. ಕೂಡಿಟ್ಟ ಹಣ ಮತ್ತು ಬ್ಯಾಂಕಿನ ಸಾಲ ಸೇರಿದರೆ ಕಾರವಾರದಲ್ಲಿ ಎರಡು ಕೋಣೆಗಳ ಒಂದು ಫ್ಲ್ಯಾಟ್ ಬರುತ್ತದೆ. ಇಲ್ಲವೆಂದರೆ ಶಿರಸಿ ಪೇಟೆಯ ಅಂಚಿನಲ್ಲಿ ನಾಲ್ಕು ಗುಂಟೆ ಜಾಗ ಕೊಂಡು, ಮನೆಯನ್ನು ಮುಂದೆ ನಿಧಾನವಾಗಿ ಕಟ್ಟಿಕೊಳ್ಳಬಹುದು. ಎರಡೂ ಸಾಧ್ಯವಿಲ್ಲ.

ಫ್ಲ್ಯಾಟಿನ ಪರವಾಗಿ ಹೇಳಬೇಕಾದ ಮಾತುಗಳಿಗೆ ತೂಕವಿದೆ. ಸಾಲ ಸುಲಭವಾಗಿ ಸಿಗುತ್ತದೆ, ಕೊಂಡ ಮರುದಿನವೇ ವಾಸಕ್ಕೆ ಹೋಗಬಹುದು, ಆಸ್ಪತ್ರೆ, ಪೇಟೆ ಹತ್ತಿರದಲ್ಲಿರುತ್ತವೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಬಂದ ಮೇಲೆ ಕೊಳ್ಳುವವನಿಗೆ ಒಂದಿಷ್ಟು ರಕ್ಷಣೆಯೂ ಸಿಕ್ಕಿದೆ. ಮನೆಯನ್ನು ಕಾರ್ಪೆಟ್ ಏರಿಯಾದ, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ, ಲೆಕ್ಕದಲ್ಲಿಯೇ ಮಾರಬೇಕು, ಖರೀದಿದಾರರಿಂದ ಪಡೆದ ಹಣದ ಶೇ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಆ ಕಟ್ಟಡಕ್ಕೇ ಬಳಸಬೇಕು, ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು. ಆದರೆ 500 ಚದರ ಮೀಟರ್ ಮೀರದ ಜಾಗದ ಯೋಜನೆಗೂ ಎಂಟು ಮನೆಗಳನ್ನು ಮೀರದ ಯೋಜನೆಗೂ ರೇರಾದಲ್ಲಿ ನೋಂದಣಿ ಕಡ್ಡಾಯವಲ್ಲ; ನಮ್ಮಂಥ ಸಣ್ಣ ಊರುಗಳಲ್ಲಿ ಏಳುವ ಕಟ್ಟಡಗಳಲ್ಲಿ ಅಂಥವು ಇದ್ದೇ ಇರುತ್ತವೆ. ಆದ್ದರಿಂದ ರೇರಾ ಸಂಖ್ಯೆ ಇದೆಯೇ ಎಂಬುದು ಫ್ಲ್ಯಾಟ್ ನೋಡಲು ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ. ತೆರಿಗೆಯ ಲೆಕ್ಕವೂ ಬೇರೆ: ಕಟ್ಟುತ್ತಿರುವ ಫ್ಲ್ಯಾಟಿಗೆ ಸಾಮಾನ್ಯವಾಗಿ ಶೇ 5ರಷ್ಟು ಜಿಎಸ್‌ಟಿ ಇದೆ, ಪೂರ್ಣಗೊಂಡ ಪ್ರಮಾಣಪತ್ರ ಪಡೆದ ಫ್ಲ್ಯಾಟಿಗೂ ಬರಿಯ ಜಾಗಕ್ಕೂ ಇಲ್ಲ.

ನನ್ನನ್ನು ಹಿಂದೆಗೆಯುವಂತೆ ಮಾಡಿದ್ದು ಸಮುದ್ರದ ಗಾಳಿ. ಕಡಲಿಗೆ ಹತ್ತಿರದ ಒಂದು ಹಳೆಯ ವಸತಿ ಕಟ್ಟಡದಲ್ಲಿ ಮರುಮಾರಾಟಕ್ಕಿದ್ದ ಮನೆಯನ್ನು ನೋಡಲು ಹೋಗಿದ್ದೆವು. ಮೇಲಿನ ಮನೆ ಬಣ್ಣ ಬಳಿದು ಚೊಕ್ಕಟವಾಗಿತ್ತು. ಆದರೆ ನೆಲಮಾಳಿಗೆಯಲ್ಲಿ ವಾಹನ ನಿಲ್ಲಿಸುವ ಜಾಗದ ಛಾವಣಿಯನ್ನು ತಲೆಯೆತ್ತಿ ನೋಡಿದಾಗ, ಕಬ್ಬಿಣದ ಸರಳು ಹಾದುಹೋದ ಗೆರೆಯ ಉದ್ದಕ್ಕೂ ಗಿಲಾವು ಉಬ್ಬಿಕೊಂಡು ಕಂದು ಬಣ್ಣದ ನೀರು ಒಸರಿದ ಗುರುತುಗಳಿದ್ದವು. ಒಂದೆಡೆ ಕಾಂಕ್ರೀಟಿನ ಹೆಕ್ಕಳಿಕೆ ಬಿದ್ದು, ಒಳಗಿನ ಸರಳು ಪದರು ಪದರಾಗಿ ಸುಲಿದಿರುವುದು ಕಾಣುತ್ತಿತ್ತು. ಉಪ್ಪಿನ ಅಂಶ ತೇವದೊಂದಿಗೆ ಒಳಗಿಳಿದು ಸರಳನ್ನು ತಿನ್ನುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟ್ ಬಿರಿಯುತ್ತದೆ, ಬಿರಿದಲ್ಲಿ ಇನ್ನಷ್ಟು ಉಪ್ಪು, ಇನ್ನಷ್ಟು ನೀರು ಸೇರುತ್ತದೆ. ಕಡಲತೀರದ ಪರಿಸರದಲ್ಲಿ ಸರಳಿನ ಮೇಲೆ ಕನಿಷ್ಠ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಮತ್ತು ಎಂ30 ದರ್ಜೆಯ ಕಾಂಕ್ರೀಟ್ ಇರಬೇಕೆಂದು ಕಾಂಕ್ರೀಟ್ ಕೆಲಸಕ್ಕಿರುವ ಭಾರತೀಯ ಮಾನದಂಡ ಐಎಸ್ 456 ಹೇಳುತ್ತದೆ. ಸ್ವಂತ ಮನೆ ಕಟ್ಟಿಸುವಾಗ ಸ್ಲ್ಯಾಬ್ ಹಾಕುವ ದಿನ ಎದುರು ನಿಂತು ಇದನ್ನು ನೋಡಿಕೊಳ್ಳಬಹುದು. ಕಟ್ಟಿ ಮುಗಿದ ಫ್ಲ್ಯಾಟಿನಲ್ಲಿ ನಮಗೆ ಕಾಣುವುದು ಬಣ್ಣ ಮಾತ್ರ.

ಇನ್ನೊಂದು ಲೆಕ್ಕವನ್ನೂ ಹಾಕಿದೆವು. ಫ್ಲ್ಯಾಟ್ ಕೊಂಡವರಿಗೆ ನೆಲದಲ್ಲಿ ಬರುವುದು ಅವಿಭಜಿತ ಪಾಲು. ಹತ್ತು ಗುಂಟೆಯಲ್ಲಿ ಇಪ್ಪತ್ತು ಮನೆಗಳಿದ್ದರೆ ಒಂದು ಮನೆಯ ಪಾಲಿಗೆ ಅರ್ಧ ಗುಂಟೆ, ಅಂದರೆ ಸುಮಾರು 544 ಚದರ ಅಡಿ. ಕಟ್ಟಡ ಹಳೆಯದಾದಷ್ಟೂ ಗೋಡೆಯ ಬೆಲೆ ಇಳಿಯುತ್ತದೆ, ಏರುವುದೇನಿದ್ದರೂ ಈ ಅರ್ಧ ಗುಂಟೆಯ ಬೆಲೆ. ಅದನ್ನಾದರೂ ನಮ್ಮಿಷ್ಟದಂತೆ ಬಳಸಲು ಬರುವುದಿಲ್ಲ. ದೊಡ್ಡ ದುರಸ್ತಿಗೋ ಹೊಸದಾಗಿ ಕಟ್ಟಲಿಕ್ಕೋ ಇಪ್ಪತ್ತು ಮನೆಯವರೂ ಹಣ ಹಾಕಲು ಒಪ್ಪಬೇಕು.

ಹಾಗೆಂದು ಜಾಗವೆಂದರೆ ಸುರಕ್ಷಿತ ಎಂದು ನಂಬುವವರನ್ನು ಕಂಡರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ನಮ್ಮ ಜಿಲ್ಲೆಯಲ್ಲಿ ಮಾರಾಟಕ್ಕೆಂದು ತೋರಿಸುವ ಜಾಗಗಳಲ್ಲಿ ಎಷ್ಟೋ ಜಾಗಗಳನ್ನು ಮಾರಲು ಬರುವುದೇ ಇಲ್ಲ. ಮೊದಲನೆಯದು ಅತಿಕ್ರಮಣ ಜಾಗ. ‘ಮೂವತ್ತು ವರ್ಷಗಳಿಂದ ನಮ್ಮದೇ ಕಬ್ಜೆ, ಮನೆ ನಂಬರೂ ಇದೆ, ಕರೆಂಟೂ ಇದೆ’ ಎಂದು ಹೇಳಿ ಕಡಿಮೆ ಬೆಲೆಗೆ ಕೊಡುತ್ತಾರೆ. ಅರಣ್ಯ ಭೂಮಿಯಲ್ಲಿ ಮನೆ ನಂಬರಾಗಲಿ ವಿದ್ಯುತ್ ಬಿಲ್ಲಾಗಲಿ ಮಾಲೀಕತ್ವವನ್ನು ಕೊಡುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಸಿಕ್ಕಿದ್ದರೂ ಆ ಹಕ್ಕು ವಾರಸುದಾರರಿಗೆ ಹೋಗುತ್ತದೆಯೇ ಹೊರತು ಅದನ್ನು ಪರಭಾರೆ ಮಾಡುವಂತಿಲ್ಲ ಎಂದು ಕಾಯ್ದೆಯ ನಾಲ್ಕನೆಯ ಕಲಮೇ ಹೇಳುತ್ತದೆ. ಎರಡನೆಯದು ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ದರಕು ಅಂದರೆ ಒಣ ಎಲೆ ತರಲು ಕೊಟ್ಟ ಸವಲತ್ತಿನ ಭೂಮಿ ಅದು. ತಲೆತಲಾಂತರದಿಂದ ‘ನಮ್ಮ ಬೆಟ್ಟ’ ಎಂದು ಕರೆದ ಮಾತ್ರಕ್ಕೆ ಅದನ್ನು ಸೈಟು ಮಾಡಿ ಹಂಚಲಾಗದು. ಆದ್ದರಿಂದ ಮಾಲ್ಕಿ ಜಾಗವೇ, ಅಂದರೆ ಮಾರುವವರ ಸ್ವಂತ ಹಕ್ಕಿನದೇ, ಹೌದೇ ಎಂಬುದು ಖಚಿತವಾಗುವವರೆಗೆ ಬೆಲೆಯ ಮಾತನ್ನೇ ಎತ್ತಬಾರದು ಎಂದು ನಾವು ನಿಶ್ಚಯಿಸಿಕೊಂಡೆವು.

ಮಾಲ್ಕಿ ಜಾಗವಾದರೂ ಅದು ಬಿನ್‌ಶೇತ್ಕಿ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾದದ್ದು, ಆಗಿರಬೇಕು. ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ಬಳಿಕ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆದರೆ ಕೊಂಡ ಜಮೀನಿನಲ್ಲಿ ವಾಸದ ಮನೆಗಳ ಬಡಾವಣೆ ಮಾಡಲು ಭೂಕಂದಾಯ ಕಾಯ್ದೆಯ 95ನೆಯ ಕಲಮಿನಂತೆ ಪರಿವರ್ತನೆ ಆಗಲೇಬೇಕು. ಇವೆರಡನ್ನು ಒಂದೇ ಎಂದು ತಿಳಿದು ಗದ್ದೆಯ ತುಂಡನ್ನು ಕೊಂಡವರು ಆಮೇಲೆ ಖಾತೆಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ. ಪಹಣಿಯಲ್ಲಿ ಎಲ್ಲರೂ ಒಂಬತ್ತನೆಯ ಕಾಲಂನಲ್ಲಿರುವ ಹೆಸರನ್ನು ನೋಡಿ ಸಮಾಧಾನಪಡುತ್ತಾರೆ. ಹನ್ನೊಂದನೆಯ ಕಾಲಂನಲ್ಲಿ ಸೊಸೈಟಿಯ ಬೆಳೆಸಾಲದ ಬೋಜಾ ಇದ್ದರೆ ಅದು ತೀರಿದೆಯೇ ಎಂದೂ ನೋಡಬೇಕು. ಇನ್ನು ಕುಟುಂಬದ ಆಸ್ತಿಯಾಗಿದ್ದರೆ ಹೆಣ್ಣುಮಕ್ಕಳ ಒಪ್ಪಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕಿದೆ. ಮದುವೆಯಾಗಿ ಮುಂಬಯಿಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ಅಕ್ಕ-ತಂಗಿಯರ ಸಹಿ ಇಲ್ಲದೆ ‘ಅವರು ಏನೂ ಹೇಳುವುದಿಲ್ಲ’ ಎಂಬ ಭರವಸೆಯ ಮೇಲೆ ಮಾರಲು ಬಂದ ಒಂದು ಒಳ್ಳೆಯ ಜಾಗವನ್ನು ನಾವು ಬಿಟ್ಟುಕೊಟ್ಟೆವು. ಕಾನೂನಿನ ಭಯ ಒಂದು ಕಡೆಗಿರಲಿ, ಅವರ ಪಾಲನ್ನು ಅವರಿಗೆ ತಿಳಿಯದಂತೆ ಕೊಳ್ಳುವುದು ನ್ಯಾಯವಲ್ಲ.

ಕರಾವಳಿಯ ಜಾಗಗಳಿಗೆ ಬೇರೆಯದೇ ಕಟ್ಟುಪಾಡುಗಳಿವೆ. ಜನಸಾಂದ್ರತೆ ಕಡಿಮೆಯಿರುವ ಹಳ್ಳಿಗಳ ಕಡಲತೀರದಲ್ಲಿ ಭರತದ, ಅಂದರೆ ಉಬ್ಬರದ, ಗೆರೆಯಿಂದ 200 ಮೀಟರ್‌ವರೆಗೆ ಹೊಸ ಮನೆಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿಯಂತಹ ಹೊಳೆಗಳಲ್ಲಿ ಉಪ್ಪುನೀರು ಏರುವಷ್ಟು ದೂರ ದಡಕ್ಕೂ ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ, ನಿಯಮ ಅನ್ವಯಿಸುತ್ತದೆ. ಗಜನಿಯ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯ, ಪಕ್ಕದ ಜಾಗದಲ್ಲಿ ಬಾವಿ ತೋಡಿದರೆ ಮಳೆಗಾಲದಲ್ಲಿ ಸಿಹಿಯಾಗಿರುವ ನೀರು ಬೇಸಿಗೆಯಲ್ಲಿ ಉಪ್ಪಾಗಬಹುದು. ಬಾವಿಯ ನೀರನ್ನು ರುಚಿ ನೋಡುವುದಿದ್ದರೆ ಮೇ ತಿಂಗಳಿನಲ್ಲಿ ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ಚರ್ಚಿಸಿದ್ದು ಧರೆಯ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಮೈಯ, ವಿಷಯವನ್ನು. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಹತ್ತಿರ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು ಮನೆಗಳೊಂದಿಗೆ ಜನರೂ ಮಣ್ಣಿನಡಿಯಾದರು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದಾಗ ಗಂಗಾವಳಿಗೆ ಬಿದ್ದ ಮಣ್ಣಿನ ರಭಸಕ್ಕೆ ಆಚೆ ದಡದ ಉಳುವರೆಯ ಮನೆಗಳೂ ಹಾಳಾದವು. ಇಷ್ಟಾದ ಮೇಲೂ ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿದು, ಕಡಿದ ಮಣ್ಣನ್ನು ಮುಂದಕ್ಕೆ ತುಂಬಿ ‘ಲೆವೆಲ್ ಸೈಟು’ ಎಂದು ಮಾರುವುದು ಘಟ್ಟದ ಮೇಲೂ ಕೆಳಗೂ ನಡೆದೇ ಇದೆ. ಅಂಥ ಸೈಟಿನ ಹಿಂದುಗಡೆ ಧರೆ, ಮುಂದುಗಡೆ ಹುಡಿಮಣ್ಣು. ಮನೆಯ ಅರ್ಧ ಪಾಯ ಗಟ್ಟಿ ನೆಲದ ಮೇಲೂ ಇನ್ನರ್ಧ ತುಂಬಿದ ಮಣ್ಣಿನ ಮೇಲೂ ಕೂತರೆ ಗೋಡೆ ಸೀಳುತ್ತದೆ. ಹಿಂದಿನ ಧರೆಗೆ ಕಲ್ಲಿನ ಪಿಚ್ಚಿಂಗ್ ಕಟ್ಟಿ, ಮೇಲಿನಿಂದ ಇಳಿಯುವ ನೀರಿಗೆ ಗಟಾರ ಮಾಡಿಸುವ ಖರ್ಚನ್ನು ಸೇರಿಸಿದರೆ ಅಗ್ಗದ ಜಾಗ ಅಗ್ಗವಾಗಿ ಉಳಿಯುವುದಿಲ್ಲ. ಜಾಗವನ್ನು ಆಷಾಢದ ಮಳೆಯಲ್ಲಿ ಕೊಡೆ ಹಿಡಿದು ಹೋಗಿ ನೋಡಿರೆಂದು ಅಪ್ಪ ಹೇಳಿದ್ದರು. ಹಾಗೆ ಹೋದಾಗ, ಬೇಸಿಗೆಯಲ್ಲಿ ಸಪಾಟಾಗಿ ಕಂಡಿದ್ದ ಒಂದು ಸೈಟಿನ ನಡುವಿನಿಂದಲೇ ಮೇಲಿನ ಬೇಣದ, ಅಂದರೆ ಹುಲ್ಲುಗಾವಲಿನ, ನೀರೆಲ್ಲ ಹರಿಯುತ್ತಿತ್ತು. ಹುಲ್ಲು ಪೂರ್ತಿ ಒಂದೇ ದಿಕ್ಕಿಗೆ ಮಲಗಿತ್ತು.

ಕೊನೆಗೆ ನಾವು ಒಪ್ಪಿದ್ದು ಶಿರಸಿ ನಗರಸಭೆಯ ವ್ಯಾಪ್ತಿಯೊಳಗಿನ, ನಕ್ಷೆಗೆ ಅನುಮೋದನೆ ಸಿಕ್ಕಿರುವ, ಸಹಜವಾಗಿಯೇ ಸಮತಟ್ಟಾದ ನಾಲ್ಕು ಗುಂಟೆಯನ್ನು. ನೆಲ ಕಡಿದಿಲ್ಲ, ತುಂಬಿಲ್ಲ; ಪಕ್ಕದ ಮನೆಯ ಬಾವಿಯಲ್ಲಿ ಮೇ ತಿಂಗಳಲ್ಲೂ ನೀರಿತ್ತು. ಹಳ್ಳಿಯ ಪಂಚಾಯಿತಿ ವ್ಯಾಪ್ತಿಯಲ್ಲಿ ಇದೇ ಹಣಕ್ಕೆ ಎರಡರಷ್ಟು ಜಾಗ ಬರುತ್ತಿತ್ತು. ಆದರೆ ಅಪ್ಪ, ಆಯಿಗೆ ರಾತ್ರಿ ಹೊತ್ತು ವೈದ್ಯರು ಬೇಕಾದರೆ ಪೇಟೆಯೊಳಗಿನ ನಾಲ್ಕು ಗುಂಟೆಯೇ ಮೇಲು ಎಂದು ನನ್ನ ಹೆಂಡತಿ ಹೇಳಿದ್ದು ನನಗೆ ಸರಿಯೆನಿಸಿತು. ನೌಕರಿ ಇರುವವರೆಗೆ ಕಾರವಾರದಲ್ಲಿ ಬಾಡಿಗೆಗೇ ಇರುತ್ತೇವೆ. ಅಲ್ಲಿ ನಾವು ಕೊಡುವ ಬಾಡಿಗೆ ಫ್ಲ್ಯಾಟ್ ಸಾಲದ ತಿಂಗಳ ಕಂತಿನ ಅರ್ಧವೂ ಆಗುವುದಿಲ್ಲ. ನೌಕರಿ ಇರುವ ಊರಿನಲ್ಲಿ ಬಾಡಿಗೆ ಮನೆ, ಮುಪ್ಪಿನಲ್ಲಿ ಇರಬೇಕೆನ್ನುವ ಊರಿನಲ್ಲಿ ನೆಲ ಎಂಬ ಈ ವಿಂಗಡಣೆ ಮನಸ್ಸಿಗೆ ಬಂದ ಮೇಲೆ ಉಳಿದ ಗೊಂದಲಗಳು ತಾವಾಗಿ ತಿಳಿಯಾದವು. ಮನೆಯನ್ನು ಕಟ್ಟುವ ಮನಸ್ಸೇ ಇಲ್ಲದೆ, ಬೆಲೆ ಏರಲೆಂದು ಮಾತ್ರ ಜಾಗ ಹಿಡಿದಿಡುವುದಾದರೆ ಈ ನಿರ್ಧಾರ ಸರಿಯಾಗುತ್ತಿರಲಿಲ್ಲ. ಪಾಗಾರ, ಅಂದರೆ ಆವರಣ ಗೋಡೆ, ಇಲ್ಲದೆ, ನೋಡುವವರಿಲ್ಲದೆ ಬಿಟ್ಟ ಜಾಗದ ಗಡಿ ವರ್ಷ ವರ್ಷವೂ ಸರಿಯುತ್ತದೆ. ವರ್ಗಾವಣೆಯ ನೌಕರಿಯಲ್ಲಿದ್ದು ಊರಿನಲ್ಲಿ ಯಾರೂ ಇಲ್ಲದವರಿಗೆ ನಾನು ಫ್ಲ್ಯಾಟನ್ನೇ ಹೇಳುತ್ತೇನೆ.

ಖರ್ಚಿನ ಬಗ್ಗೆ ಒಂದು ಮಾತು. ನಗರ ವ್ಯಾಪ್ತಿಯ ಜಾಗಕ್ಕೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಒಟ್ಟು ಶೇ 7.6ನ್ನು ಕೈಯಿಂದಲೇ ಕಟ್ಟಬೇಕು. ಜಾಗಕ್ಕೆ ಕೊಡುವ ಸಾಲದ ಪ್ರಮಾಣವೂ ಮನೆ ಸಾಲಕ್ಕಿಂತ ಕಡಿಮೆ, ಇಂತಿಷ್ಟು ವರ್ಷಗಳೊಳಗೆ ಕಟ್ಟಬೇಕೆಂಬ ಷರತ್ತೂ ಇರುತ್ತದೆ. ಆದ್ದರಿಂದ ಕೈಯಲ್ಲಿರುವ ಹಣವನ್ನೆಲ್ಲ ಜಾಗದ ಬೆಲೆಗೇ ಸುರಿಯದೆ, ಪಾಗಾರಕ್ಕೂ ಬಾವಿಗೂ ಬೇಕಾದಷ್ಟನ್ನು ತೆಗೆದಿರಿಸಿದ್ದೇವೆ.

ಮುಂಗಡ ಕೊಡುವ ಮುನ್ನ ಸರ್ಕಾರಿ ಸರ್ವೆಯರರಿಂದ ಹದ್ದುಬಸ್ತು, ಅಂದರೆ ಗಡಿಯ ಅಳತೆ, ಆಗಬೇಕು, ನಾಲ್ಕು ಮೂಲೆಗೂ ಕಲ್ಲು ನೆಡಬೇಕು, ಅಳತೆ ಕಡಿಮೆ ಬಂದರೆ ಬೆಲೆಯೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಎಂದು ಕರಾರಿನಲ್ಲಿ ಬರೆಸಲು ವಕೀಲರಿಗೆ ಹೇಳಿದ್ದೇವೆ; ಮಾರುವವರೂ ಒಪ್ಪಿದ್ದಾರೆ. ಖರೀದಿ ಪತ್ರ ನೋಂದಣಿಯಾದ ಮೇಲೆ ಮೊದಲು ಪಾಗಾರ, ಮರುವರ್ಷದ ಬೇಸಿಗೆಯಲ್ಲಿ ಬಾವಿ. ಮನೆಯ ಪಾಯವನ್ನು ದೀಪಾವಳಿಯ ನಂತರ ತೆಗೆದರೆ ಮಳೆಗೆ ಮುಂಚೆ ಚಿರೇಕಲ್ಲಿನ ಗೋಡೆಯೆದ್ದು ಮಾಡು ಹೊದಿಸಲು ಸಮಯ ಸಿಗುತ್ತದೆ ಎಂದು ಮೇಸ್ತ್ರಿ ಹೇಳಿದ್ದಾರೆ. ಅಡುಗೆಮನೆಯ ಬಾಗಿಲು ಬಾವಿಯ ಕಡೆಗೇ ಇರಬೇಕೆಂಬುದು ಆಯಿಯ ಬೇಡಿಕೆ, ಆದ್ದರಿಂದ ಬಾವಿಯ ಜಾಗ ಗೊತ್ತಾಗುವವರೆಗೆ ಮನೆಯ ನಕ್ಷೆಯನ್ನು ಬರೆಸುವುದಿಲ್ಲ.