ಅಚುಬೆಲ

"ಅಚುಬೆಲ. ಅಚುಬೆಲ. ಏನಮ್ಮಾ ಇದು, ಯಾವುದಾದ್ರೂ ಊರಿನ ಹೆಸರಾ?"

ಮಂಗಳವಾರ ಬೆಳಿಗ್ಗೆ ಸಂತೆಪೇಟೆಯಲ್ಲಿ ಒಬ್ಬ ತಾತ ನನ್ನನ್ನು ಕೇಳಿದ ಪ್ರಶ್ನೆ. ಇವತ್ತು ಶನಿವಾರ. ಹಲ್ಲುಜ್ಜುವಾಗ, ದೋಸೆ ಮಗುಚುವಾಗ, ಸಿಗ್ನಲ್‌ನಲ್ಲಿ ಗಾಡಿ ನಿಲ್ಲಿಸಿದಾಗ ಅದೇ ದನಿ ಕಿವಿಯಲ್ಲಿ. ಅಚುಬೆಲ. ಕೇಳೋಕೆ ಚೆನ್ನಾಗೂ ಇದೆ, ಅದೇ ಇನ್ನೂ ಸಂಕಟ.

ಅದು ಅಚ್ಚುಬೆಲ್ಲ. ಪೊಟ್ಟಣದ ಮೇಲಿನ ಸ್ಟಿಕ್ಕರ್ ಡಿಸೈನ್ ಮಾಡಿದವಳು ನಾನು. ಎರಡು ಸಾವಿರ ಸ್ಟಿಕ್ಕರ್.

ಬೆಲ್ಲದ ಹುಡುಗ ಮಂಡ್ಯದ ಹತ್ತಿರದ ಹಳ್ಳಿಯವನು. ಅಪ್ಪನ ಆಲೆಮನೆಯನ್ನು ಈಗ ಇವನೇ ನೋಡಿಕೊಳ್ಳುತ್ತಾನೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಕೊಳೆ ತೆಗೆಯಲು ಸುಣ್ಣ, ಬೆಂಡೆಯ ಲೋಳೆ ಹಾಕುವುದು ಹಳೆಯ ಪದ್ಧತಿ. ಜೊತೆಗೆ ಹೈಡ್ರೋಸ್ ಅನ್ನುವ ರಾಸಾಯನಿಕ ಬಿದ್ದರೆ ಬೆಲ್ಲಕ್ಕೆ ತಿಳಿ ಹಳದಿ ಬಣ್ಣ ಬರುತ್ತದೆ. ಬೀಳದಿದ್ದರೆ ಕಂದು, ಕೆಲವು ಸಲ ಕಪ್ಪೇ. ಜನ ಹಳದಿಯನ್ನೇ ಆರಿಸಿ ಒಯ್ಯುತ್ತಾರೆ. ಇವನು ಹೈಡ್ರೋಸ್ ಹಾಕುವುದಿಲ್ಲ. "ಸಕ್ಕರೆ ನಾಡು ಸಕ್ಕರೆ ನಾಡು ಅಂತಾರೆ ಕಣಕ್ಕ, ಬೆಲ್ಲದೋರ್ನ ಯಾರೂ ಕೇಳಕಿಲ್ಲ" ಎಂದು ಮೊದಲ ದಿನವೇ ಹೇಳಿದ್ದ. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದದ್ದು 1933ರಲ್ಲಿ. ಬೆಲ್ಲ ಅದಕ್ಕೂ ಮೊದಲಿನದು, ಆದರೆ ಹೆಸರು ಹೊಡೆದುಕೊಂಡದ್ದು ಸಕ್ಕರೆ. ಅವನ ಸಿಟ್ಟು ನನಗೆ ಹಿಡಿಸಿತು.

ಪಾಕವನ್ನು ಅಚ್ಚಿಗೆ ಹುಯ್ದರೆ ಅಚ್ಚುಬೆಲ್ಲ, ಬಕೆಟ್ಟಿಗೆ ಹುಯ್ದರೆ ಬಕೆಟ್ ಬೆಲ್ಲ. ನನ್ನ ಕಸುಬಿನಲ್ಲೂ ಅದೇ ಮಾತು: ಅಚ್ಚುಕೂಟ, ಅಚ್ಚುಮೊಳೆ, ಅಚ್ಚು ಹಾಕಿಸುವುದು. ನಮ್ಮಿಬ್ಬರದೂ ಅಚ್ಚಿನ ಕಸುಬೇ ಕಣಪ್ಪ ಎಂದೆ. "ಅಂಗಾದ್ರೆ ರೇಟು ಸ್ವಲ್ಪ ಕಮ್ಮಿ ಮಾಡ್ಕಳಿ ಅಕ್ಕ" ಎಂದ. ಬುದ್ಧಿವಂತ.

ಅವನಿಗೆ ಸ್ಟಿಕ್ಕರ್ ಮೇಲೆ ಅರಮನೆ ಬೇಕಿತ್ತು, ಗಂಡಭೇರುಂಡ ಬೇಕಿತ್ತು, ಕಬ್ಬಿನ ಜಲ್ಲೆ ಬೇಕಿತ್ತು. ಮೈಸೂರಿನಲ್ಲಿ ಕೂತು ಡಿಸೈನ್ ಮಾಡುವವರಿಗೆ ಇದು ಹೊಸದಲ್ಲ. ದಂತವೈದ್ಯರೂ ಗಂಡಭೇರುಂಡ ಕೇಳುತ್ತಾರೆ, ಟೈಲ್ಸ್ ಅಂಗಡಿಯವರೂ ಕೇಳುತ್ತಾರೆ. ಬೆಲ್ಲಕ್ಕೂ ಎರಡು ತಲೆಯ ಹಕ್ಕಿಗೂ ಏನಪ್ಪಾ ಸಂಬಂಧ ಅಂದರೆ, "ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬ ಇಲ್ವಾ, ಅಂಗಿರ್ಬೇಕು ಅಕ್ಕ, ಗ್ರ್ಯಾಂಡು" ಎಂದ. ಆ ಡಬ್ಬದ ಮೇಲಿರುವುದು ಗಂಡಭೇರುಂಡ ಅಲ್ಲ, ಶರಭ. ಆನೆಯ ತಲೆ, ಸಿಂಹದ ಮೈ. 1916ರಲ್ಲಿ ಶುರುವಾದ ಕಾರ್ಖಾನೆಯ ಗುರುತು. ಇದನ್ನೆಲ್ಲ ವಿವರಿಸಿದೆ. ಅವನು ತಲೆಯಾಡಿಸಿ, "ಬಾರ್ಡರ್ ಆದ್ರೂ ಆಕಿ" ಎಂದ. ಹಾಕಿದೆ. ಸುತ್ತ ಬಳ್ಳಿಯ ದಪ್ಪ ಬಾರ್ಡರ್. ನಡುವೆ ಕಂದು ಬಣ್ಣದ ಪಟ್ಟಿ, ಪಟ್ಟಿಯೊಳಗೆ ಬಿಳಿ ಅಕ್ಷರದಲ್ಲಿ "ಮಂಡ್ಯದ ಅಚ್ಚುಬೆಲ್ಲ". ಕೆಳಗೆ ತೂಕ, ಬೆಲೆ, ವಿಳಾಸ, ಹಸಿರು ಚುಕ್ಕಿ. ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಬಂದಿತ್ತು.

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಇನ್ನೊಂದು ಮೊಬೈಲ್ ನಂಬರ್ ಹಾಕಬೇಕಂತೆ, ಅಪ್ಪನದು. ಜಾಗ ಎಲ್ಲಿದೆ? ಬಾರ್ಡರ್ ಮುಟ್ಟುವ ಹಾಗಿಲ್ಲ. ಪಟ್ಟಿಯನ್ನು ಕೆಳಗಿನಿಂದ ಸ್ವಲ್ಪ ಕಿರಿದು ಮಾಡಿದೆ, ನಂಬರ್ ತೂರಿಸಿದೆ, ಪ್ರೆಸ್ಸಿಗೆ ಕಳಿಸಿದೆ, ಮಲಗಿದೆ.

ಅಚ್ಚಿನ ಕೆಲಸ ಗೊತ್ತಿರುವವರಿಗೆ ಮುಂದಿನದು ಹೊಳೆದಿರುತ್ತದೆ. ಇಂಥ ಸ್ಟಿಕ್ಕರ್‌ನಲ್ಲಿ ಬಿಳಿ ಅಂತ ಶಾಯಿ ಇರುವುದಿಲ್ಲ. ಬಿಳಿ ಅಕ್ಷರ ಅಂದರೆ ಶಾಯಿ ಬೀಳದೆ ಉಳಿದ ಖಾಲಿ ಕಾಗದ. ಪಟ್ಟಿ ಕಿರಿದಾದಾಗ ಅಕ್ಷರದ ಕಾಲುಗಳೆಲ್ಲ ಪಟ್ಟಿಯಿಂದ ಹೊರಗೆ ಜೋತುಬಿದ್ದವು. ಹೊರಗೆ ಇದ್ದದ್ದೂ ಅದೇ ಬಿಳಿ ಕಾಗದ. ಖಾಲಿಯ ಮೇಲೆ ಖಾಲಿ. ಚ ಒತ್ತು ಹೋಯಿತು, ಲ ಒತ್ತು ಹೋಯಿತು. ಯ ಒತ್ತು ಪಕ್ಕದಲ್ಲಿ ಮೇಲಕ್ಕೆ ಏಳುವುದರಿಂದ ಅದೊಂದು ಅರ್ಧ ಉಳಿದುಕೊಂಡು ಮಂಡ್ಯದ ಮಾನ ಕಾಪಾಡಿತ್ತು.

ಪ್ರೆಸ್ಸಿನವನು ನೋಡಿರಲೇಬೇಕು. ಎರಡು ಸಾವಿರ ಸಲ ಕಣ್ಣೆದುರು ಬಂದದ್ದು ಕಾಣಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ. ಕೇಳಿದರೆ, "ನೀವೇ ಓಕೆ ಮಾಡಿದ್ದಲ್ವಾ ಮೇಡಂ." ಹೌದು, ನಾನೇ. ತಪ್ಪು ನನ್ನದೇ. ಆದರೂ ಒಂದು ಫೋನ್ ಮಾಡಬಹುದಿತ್ತು.

ಸರಿ, ಸಂತೆಪೇಟೆ. ಹುಡುಗ ಒಂದು ಅಂಗಡಿಗೆ ಮಾದರಿ ತೋರಿಸಲು ಪೊಟ್ಟಣ ತಂದಿದ್ದ. ನಾನು ಫೋಟೊ ತೆಗೆಯೋಣ ಅಂತ ಹೋಗಿದ್ದೆ. ಪಕ್ಕದ ಅಂಗಡಿಯ ಷಟರ್ ಮೇಲೆ ಒಬ್ಬರು ವಯಸ್ಸಾದವರು ಹೆಸರು ಬರೆಯುತ್ತಿದ್ದರು. ಪೇಂಟಿನ ಡಬ್ಬ, ಕೈಯನ್ನು ಆನಿಸಿಕೊಳ್ಳಲು ಒಂದು ಕೋಲು, ಕಿವಿಯ ಸಂದಿಯಲ್ಲಿ ಸೀಮೆಸುಣ್ಣ. ಷಟರ್ ಮೇಲೆ ಬ್ರಷ್ಷಿನಲ್ಲಿ ಬರೆಯುವವರು ಸಿಗುವುದೇ ಈಗ ಅಪರೂಪ, ಎಲ್ಲ ಕಡೆ ಫ್ಲೆಕ್ಸ್. ನಾನು ಅವರದೊಂದು ಫೋಟೊ ತೆಗೆದೆ. ಅವರು ಇಳಿದು ಬಂದು ಪೊಟ್ಟಣ ಕೈಗೆ ತೆಗೆದುಕೊಂಡು, ಒಂದನೇ ತರಗತಿ ಮಗುವಿನ ಹಾಗೆ ಜೋರಾಗಿ ಓದಿದರು.

"ಅಚುಬೆಲ."

ನಾನು ಆಗ ನೋಡಿದೆ. ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಕಣ್ಣು ತನಗೆ ಗೊತ್ತಿದ್ದದ್ದನ್ನು ತಾನೇ ತುಂಬಿಕೊಂಡು ಓದುತ್ತಿತ್ತು. ಹುಡುಗನೂ ಆಗಲೇ ನೋಡಿದ್ದು. ಅವನ ತಮ್ಮ ಕಿಸಕ್ಕನೆ ನಕ್ಕ. ಆ ತಮ್ಮನನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

"ಒತ್ತು ಕೆಳಗೆ ಬಂದುಬಿಟ್ಟಿದೆ ತಾತ, ಜಾಗ ಸಾಲಲಿಲ್ಲ" ಎಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ವಾ, ಇದು ಜಾಸ್ತಿ ಚಾಚಿಬಿಟ್ಟಿದೆ ಅಂತ ಏನೋ ತಮಾಷೆಯನ್ನೂ ಮಾಡಿದೆ. ಅವಮಾನವಾದಾಗ ನನಗೆ ಜಾಸ್ತಿ ಮಾತು ಬರುತ್ತದೆ.

ಅವರು ನಗಲಿಲ್ಲ. "ಆ ಗಾದೆ ಮನುಷ್ಯರಿಗೆ ಕಣಮ್ಮ, ಅಕ್ಷರಕ್ಕಲ್ಲ. ಅಕ್ಷರಕ್ಕೆ ಕಾಲು ಎಷ್ಟಿದೆಯೋ ಅಷ್ಟು ಹಾಸಿಗೆ ಹಾಸಬೇಕು."

ಅಷ್ಟೇ ಹೇಳಿ ಪೊಟ್ಟಣ ಕೈಗೆ ಕೊಟ್ಟು ಮತ್ತೆ ಸ್ಟೂಲ್ ಹತ್ತಿದರು. ಬೈದಿದ್ದರೆ ವಾಸಿಯಿತ್ತು.

ನಾನು ಅಲ್ಲಿಂದ ಹೊರಡಬೇಕಿತ್ತು. ಹೊರಡಲಿಲ್ಲ. ಅವರು ಬರೆಯುವುದನ್ನು ಅರ್ಧ ಗಂಟೆ ನೋಡಿದೆ. ಮೊದಲು ಹೆಸರನ್ನು ಚೀಟಿಯಲ್ಲಿ ಓದಿಕೊಂಡರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಕೇಳಿದೆ. ಒತ್ತು ಎಷ್ಟಿವೆ ಅಂತ ಎಣಿಸುವುದಂತೆ. ಆಮೇಲೆ ಸುಣ್ಣ ಬಳಿದ ದಾರವನ್ನು ಎರಡೂ ತುದಿ ಹಿಡಿದು ಚಿಮ್ಮಿಸಿದರು, ಗೆರೆ ಬಿತ್ತು. ಎರಡು ಗೆರೆ ಸಾಕಲ್ವಾ ಅಂದರೆ ಮೂರನೆಯದನ್ನೂ ಹಾಕಿದರು. ತಲೆಗೊಂದು, ಮೈ ಮುಗಿಯುವಲ್ಲಿ ಒಂದು, ಕಾಲಿಗೊಂದು. "ಇಂಗ್ಲಿಷ್ ಆದ್ರೆ ಎರಡರಲ್ಲಿ ಮುಗೀತದೆ. ಕನ್ನಡಕ್ಕೆ ಕಾಲಿನ ಗೆರೆ ಬೇಕು." ಚಿಕ್ಕಂದಿನಲ್ಲಿ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರಂತೆ. ಒತ್ತುಗಳಿಗೆ ಬೇರೆ ಮನೆ, ಸಣ್ಣ ಸಣ್ಣ ಮೊಳೆ. ಬೆರಳಿಗೆ ಸಿಗದೆ ಜಾರಿ ಬೀಳುತ್ತಿದ್ದವಂತೆ, ಬಿದ್ದರೆ ಒದೆಯಂತೆ.

"ಒತ್ತಿಗೆ ಬೇರೆ ದುಡ್ಡು ತಗೋತೀರಾ ತಾತ?"

"ಇಲ್ಲಮ್ಮ. ಒತ್ತು ಫ್ರೀ."

ಈಗ ಮಾತ್ರ ನಕ್ಕರು.

ನಾನು ಮೊದಲು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿ "ಕನ್ನಡ ವರ್ಷನ್" ಅನ್ನುವ ಒಂದು ಮಾತಿತ್ತು. ಎಲ್ಲವೂ ಮೊದಲು ಇಂಗ್ಲಿಷಿನಲ್ಲಿ ಆಗಬೇಕು. ಗ್ರಾಹಕರು ಒಪ್ಪಬೇಕು, ಅಳತೆಗಳೆಲ್ಲ ನಿಲ್ಲಬೇಕು. ಕೊನೆಯ ದಿನ ಸಂಜೆ, "ಒಂದು ಕನ್ನಡ ವರ್ಷನ್ ಮಾಡಿಬಿಡಿ." ಇಂಗ್ಲಿಷ್ ಇದ್ದ ಡಬ್ಬಿಯನ್ನು ಖಾಲಿ ಮಾಡಿ ಅದರೊಳಗೆ ಕನ್ನಡ ತುಂಬುವುದು. ತುಂಬದಿದ್ದರೆ ಅಕ್ಷರವನ್ನು ಚಿಕ್ಕದು ಮಾಡುವುದು. ಊರ ತುಂಬ ಬೋರ್ಡುಗಳಲ್ಲಿ ಕನ್ನಡ ಒಂದು ಸುತ್ತು ಸಣ್ಣದಾಗಿ ಕಾಣುವುದು ಎಷ್ಟೋ ಸಲ ಹಟದಿಂದಲ್ಲ, ಹೀಗೆ. ಹಟವೂ ಇರುತ್ತದೆ, ಅದು ಬೇರೆ.

ನಾವು ಬಳಸುವ ಸಾಫ್ಟ್‌ವೇರ್ ಕೂಡ ಹಾಗೇ. ಅಕ್ಷರದ ಅಳತೆ 10 ಇಟ್ಟರೆ ಅದು ತಾನಾಗಿಯೇ ಸಾಲಿಗೆ 12 ಜಾಗ ಕೊಡುತ್ತದೆ. ಪಿ, ಜಿ, ವೈ ಅಕ್ಷರಗಳ ಬಾಲಕ್ಕೆ ಅಷ್ಟು ಸಾಕು. ಈಗ ಅದೇ ಅಳತೆಯಲ್ಲಿ "ರಾಷ್ಟ್ರ" ಬರೆಯಿರಿ. ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಕೆಳಗಿನ ಸಾಲಿನಲ್ಲಿ ಒಂದು "ಕೀ" ಬಂತೋ, ಅದರ ಗುಡಿಸು ಹೋಗಿ ಈ ಒತ್ತಿಗೆ ಢಿಕ್ಕಿ. ಮೇಲಿನವರ ಕಾಲು ಕೆಳಗಿನವರ ತಲೆಗೆ. ಬಾಡಿಗೆ ಮನೆಯಲ್ಲಿ ಇದ್ದವರಿಗೆ ಈ ಕಷ್ಟ ಗೊತ್ತು.

ಇದನ್ನೆಲ್ಲ ನಾನು ಬಲ್ಲೆ. ಕಾಲೇಜಿನ ಹುಡುಗರಿಗೆ ಪಾಠ ಕೂಡ ಮಾಡಿದ್ದೇನೆ, ಸ್ಲೈಡ್ ಹಾಕಿ! ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಬರೆದದ್ದನ್ನು ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಹೇಗೆ ಎಲ್ಲೆಲ್ಲೋ ಓಡುತ್ತದೆ ಅಂತ ತೋರಿಸಿ ನಗಿಸಿದ್ದೇನೆ. ಆದರೆ ಯಾವತ್ತೂ ಕೆಲಸ ಶುರುಮಾಡುವ ಮೊದಲು ಒತ್ತು ಎಣಿಸಿರಲಿಲ್ಲ. ಬೆರಳು ಮಡಚಿ ಎಣಿಸುವುದು ನನಗೆ ಹೊಳೆದೇ ಇರಲಿಲ್ಲ.

ಸಂತೆಪೇಟೆಯಿಂದ ದೇವರಾಜ ಮಾರುಕಟ್ಟೆ ಕಡೆಗೆ ನಡೆದೆ. ತಲೆ ಕೆಟ್ಟಾಗ ನಾನು ಹೋಗುವುದು ಅಲ್ಲಿಗೇ. ಕುಂಕುಮದ ಬಣ್ಣದ ರಾಶಿಗಳು, ಬಾಳೆಕಾಯಿ, ಊದುಬತ್ತಿ. ಮೊಬೈಲ್‌ನಲ್ಲಿ "ಕಂಡದ್ದು" ಅಂತ ಒಂದು ಫೋಲ್ಡರ್ ಇದೆ, ಅದರಲ್ಲಿ ಅರ್ಧ ಫೋಟೊ ಈ ಮಾರುಕಟ್ಟೆಯದೇ. ಅವತ್ತು ಯಾವ ಫೋಟೊವನ್ನೂ ತೆಗೆಯಲಿಲ್ಲ. ಹೂವಿನವರ ಹತ್ತಿರ ನಿಂತೆ. ಮಲ್ಲಿಗೆ ಎರಡು ಮೊಳ ಎಂದೆ. ಆಕೆ ತನ್ನ ಮೊಳಕೈಯಿಂದ ನಡುಬೆರಳಿನ ತುದಿವರೆಗೆ ಎರಡು ಸಲ ಅಳೆದು, ಸ್ವಲ್ಪ ಮುಂದಕ್ಕೆ ಬಿಟ್ಟು ಕತ್ತರಿಸಿದಳು. ಅಮ್ಮ ಯಾವಾಗಲೂ ಹೇಳುತ್ತಾರೆ, ಉದ್ದ ಕೈಯವಳ ಹತ್ತಿರ ತಗೋ ಅಂತ. ಎಂಥ ಅಳತೆ ನೋಡಿ. ಟೇಪು ಬೇಡ, ಕಳೆದುಹೋಗುವುದಿಲ್ಲ, ಮೋಸಕ್ಕೂ ಉದಾರಕ್ಕೂ ಅದರಲ್ಲೇ ಜಾಗ ಇದೆ. ಬೇರೆ ದಿನವಾಗಿದ್ದರೆ ಇದರ ಮೇಲೆ ಎರಡು ಪುಟ ಬರೆದುಕೊಳ್ಳುತ್ತಿದ್ದೆ.

ವಾಪಸು ಬರುವಾಗ ದೊಡ್ಡ ಗಡಿಯಾರ. 1927ರಲ್ಲಿ ನಾಲ್ವಡಿಯವರ ಬೆಳ್ಳಿ ಹಬ್ಬಕ್ಕೆ ಕಟ್ಟಿಸಿದ್ದು. ಅದರ ಮುಖದ ಮೇಲೆ ಕನ್ನಡ ಅಂಕಿಗಳು. ದಿನಾ ನೋಡುವುದೇ. ಅವತ್ತು ಕತ್ತೆತ್ತಿ ನೋಡಿದಾಗ ಅನ್ನಿಸಿದ್ದು ಒಂದೇ: ಅಂಕಿಗಳಿಗೆ ಒತ್ತಿಲ್ಲ. ಪುಣ್ಯವಂತರು.

ಹುಡುಗನಿಗೆ ಫೋನ್ ಮಾಡಿ ಹೊಸದಾಗಿ ಅಚ್ಚು ಹಾಕಿಸಿಕೊಡುತ್ತೇನೆ, ಖರ್ಚು ನನ್ನದು ಎಂದೆ. "ಬುಡಿ ಅಕ್ಕ, ಬೆಲ್ಲ ತಿನ್ನೋರು ಸ್ಟಿಕ್ಕರ್ ಓದ್ತಾರಾ" ಎಂದ. ಸಮಾಧಾನ ಮಾಡಲು ಹೇಳಿದ್ದು, ಒಳ್ಳೆಯ ಹುಡುಗ. ಆದರೆ ಡಿಸೈನ್ ಮಾಡುವವಳಿಗೆ ಇದಕ್ಕಿಂತ ಕೆಟ್ಟ ಮಾತು ಇಲ್ಲ. ಗಂಡಭೇರುಂಡ ಕೇಳಿದ್ದು ಮತ್ತ್ಯಾರಪ್ಪಾ?

ಹೊಸದು ಬರುವುದು ಸೋಮವಾರ. ಅವನು ಎರಡು ಅಂಗಡಿಗೆ ಶುಕ್ರವಾರವೇ ಮಾಲು ಕೊಡಬೇಕಿತ್ತು, ನಾನೂರು ಪೊಟ್ಟಣ. ಗುರುವಾರ ರಾತ್ರಿ ಕಂದು ಬಣ್ಣದ ಮಾರ್ಕರ್ ಎರಡು ತಂದು ಊಟದ ಮೇಜಿನ ಮೇಲೆ ಸ್ಟಿಕ್ಕರ್ ಹರಡಿದೆ. ಚ ಕೆಳಗೊಂದು ಒತ್ತು, ಲ ಕೆಳಗೊಂದು ಒತ್ತು, ಪಟ್ಟಿಯ ಕೆಳಗಿನ ಖಾಲಿ ಕಾಗದದ ಮೇಲೆ. ಅಮ್ಮ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವರು. ನನ್ನ ಮೊದಲ ಹತ್ತು ನೋಡಿ, "ಲ ಒತ್ತು ಹೀಗಾ ಬರೆಯೋದು? ಕೊಡು ಇಲ್ಲಿ" ಎಂದು ಪೆನ್ನು ಕಿತ್ತುಕೊಂಡರು. ಅವರದು ದುಂಡಗೆ, ಎಲ್ಲ ಒಂದೇ ಸಮ. ನನ್ನದು ಕೋಳಿಕಾಲು. ನಡುವೆ ನಿದ್ದೆಗಣ್ಣಿನಲ್ಲಿ ಚ ಕೆಳಗೆ ಲ ಒತ್ತು ಕೊಟ್ಟು "ಅಚ್ಲುಬೆಲ್ಲ" ಮಾಡಿದೆ. ಅಮ್ಮ ಅದನ್ನು ಎತ್ತಿ ಪಕ್ಕಕ್ಕಿಟ್ಟರು, ನಾಪಾಸು ಮಾಡಿದ ಹಾಗೆ.

ಇನ್ನೂರೈವತ್ತು ದಾಟಿತ್ತು. ಅಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಕೇಳಿದರು:

"ಇಷ್ಟು ಬರೀತಿದ್ದೀವಲ್ಲ, ಒತ್ತಿಗೆ ಬೇರೆ ದುಡ್ಡು ಕೊಡ್ತಾನೇನೇ ಅವನು?"

"ಇಲ್ಲಮ್ಮ. ಒತ್ತು ಫ್ರೀ."

"ಹಾಗಾದ್ರೆ ಉಳಿದದ್ದು ನೀನೇ ಬರ್ಕೋ" ಎಂದು ಪೆನ್ನಿನ ಮುಚ್ಚಳ ಹಾಕಿ ಮಲಗಲು ಹೋದರು.