ಬಂದ್ ಮಾಡಿದ್ರೆ ಎಲ್ಲಾ ಮರೆಯೋ ಕಂಪ್ಯೂಟರ್ ಯಾಕ್ರೀ?

ಬಾಗಲಕೋಟೆ ನವನಗರದ ಒಂದು ಆನ್‌ಲೈನ್ ಸೆಂಟರಿನ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಎಲ್ಲದರಲ್ಲೂ ವಿಂಡೋಸ್ ಬದಲು ಉಬುಂಟು ಲಿನಕ್ಸ್. ಬಂದ್ ಮಾಡಿದರೆ ಅವತ್ತು ಮಾಡಿದ್ದೆಲ್ಲ ಮಾಯ. ಡೌನ್‌ಲೋಡ್, ಬದಲಿಸಿದ ವಾಲ್‌ಪೇಪರ್, ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡ್, ಏನೂ ಇರುವುದಿಲ್ಲ. "ಹಿಂಗ್ಯಾಕ ಮಾಡೀರಿ? ಕಂಪ್ಯೂಟರ್ ಇರೋದ ಇಟ್ಕೊಳ್ಳಾಕ ಅಲ್ಲೇನು?" ಅಂತ ಬಂದವರೆಲ್ಲ ಕೇಳುತ್ತಾರೆ.

ವೈರಸ್ ಕಾಟಕ್ಕೆ ಅಂದರೆ ಸುಮ್ಮನಾಗುತ್ತಾರೆ. ಆದರೆ ನನಗೆ ಅದು ಎರಡನೇ ಕಾರಣ. ಮೊದಲನೆಯದು ಜನರ ಕಾಗದ. ಇಲ್ಲಿಗೆ ಬರುವುದು ಆಧಾರ್, ಪಹಣಿ, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಒಂದು ಭಾಗ ಹೋದದ್ದಕ್ಕೇ ನವನಗರ ಎದ್ದದ್ದು. ಹಾಗಾಗಿ ಮುಳುಗಡೆ ಪರಿಹಾರದ ಹಳೇ ಕಾಗದ ಹಿಡಿದು ಸ್ಕ್ಯಾನ್‌ಗೆ ಬರುವವರೂ ಇದ್ದಾರೆ. ಸ್ಕ್ಯಾನ್ ಆದಮೇಲೆ ಅದರ ನಕಲು ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅದನ್ನು ನೆನಪಿಟ್ಟು ಅಳಿಸುವವರು ಯಾರು? ಹಾಗೇ ಬಿಟ್ಟರೆ ಊರವರ ಆಧಾರೆಲ್ಲ ಒಂದೇ ಫೋಲ್ಡರಿನಲ್ಲಿ ಸಾಲಾಗಿ ಕೂತಿರುತ್ತದೆ.

ಅಂಗಡಿ ಟೇಬಲ್ಲಿನ ಗಾಜು ನೋಡಿದ್ದೀರಲ್ವಾ? ಕೆಳಗೆ ರೇಟಿನ ಪಟ್ಟಿ ಇರುತ್ತದೆ. ಗಾಜಿನ ಮೇಲೆ ಪೆನ್ನಿನಲ್ಲಿ ಗೀಚಿದರೆ ಎರಡೂ ಒಂದೇ ಹಾಳೆಯಂತೆ ಕಾಣುತ್ತದೆ. ಒರೆಸಿದರೆ ಪಟ್ಟಿ ಇದ್ದಂಗೇ ಇರುತ್ತದೆ. ಓವರ್‌ಲೇ ಎಫ್‌ಎಸ್ ಅನ್ನುವ, ನಮ್ಮ ಕಂಪ್ಯೂಟರುಗಳಲ್ಲಿರುವ ವ್ಯವಸ್ಥೆ ಮಾಡುವುದೂ ಇದನ್ನೇ. 2014ರ ಕೊನೆಗೆ ಬಂದ, ಲಿನಕ್ಸಿನ ತಿರುಳಾದ 3.18 ಕರ್ನಲ್‌ನಿಂದ ಇದು ಲಿನಕ್ಸಿನ ಒಳಗೇ ಇದೆ. ಡಿಸ್ಕನ್ನು ಓದಲು ಮಾತ್ರ ಬಿಡುತ್ತದೆ, ಬರೆಯುವುದೆಲ್ಲ ಬಂದ್ ಮಾಡಿದರೆ ಖಾಲಿಯಾಗುವ ತಾತ್ಕಾಲಿಕ ಮೆಮೊರಿಯಾದ ರ‍್ಯಾಮಿಗೆ ಹೋಗುತ್ತದೆ. ಉಬುಂಟುವಿನಲ್ಲಿ ಓವರ್‌ಲೇರೂಟ್ ಅನ್ನುವ ಪ್ಯಾಕೇಜ್ ಹಾಕಿ, ಅದರ ಸೆಟ್ಟಿಂಗ್ ಫೈಲಿನಲ್ಲಿ ಒಂದು ಸಾಲು ಬದಲಿಸಿದರೆ ಆಯ್ತು. ರಾಸ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರಿನಲ್ಲಂತೂ ಸೆಟ್ಟಿಂಗ್ಸ್ ಮೆನುವಿನಲ್ಲೇ ಸಿಗುತ್ತದೆ. ಕರೆಂಟ್ ಏಕಾಏಕಿ ಹೋದರೂ ಡಿಸ್ಕ್ ಕೆಡುವ ಭಯ ಕಡಿಮೆ. ನಮ್ಮ ಕಡೆ ಇದು ಸಣ್ಣ ಲಾಭವಲ್ಲ.

ಐಡಿಯಾ ಹೊಸದೇನಲ್ಲ. ಹಳೇ ನೆಟ್ ಸೆಂಟರುಗಳ ಸ್ಕ್ರೀನಿನ ಮೂಲೆಯಲ್ಲಿ ಬಿಳಿ ಕರಡಿ ನೋಡಿದವರಿಗೆ ಇದೇ ಕೆಲಸ ಮಾಡುತ್ತಿದ್ದ ಡೀಪ್ ಫ್ರೀಜ್ ನೆನಪಿರಬಹುದು. ವಿಂಡೋಸಿನ ಎಂಟರ್‌ಪ್ರೈಸ್, ಎಜುಕೇಷನ್ ಆವೃತ್ತಿಗಳಲ್ಲಿ ಇಂಥದ್ದೇ ಯೂನಿಫೈಡ್ ರೈಟ್ ಫಿಲ್ಟರ್ ಇದೆ, ಹೋಮ್‌ನಲ್ಲಿ ಇಲ್ಲ.

ಜನ ಇಲ್ಲಿ ಒಂದು ತಪ್ಪು ತಿಳಿಯುತ್ತಾರೆ. ಲಾಗ್‌ಔಟ್ ಮಾಡಿದರೆ ಅಳಿಯುವುದಿಲ್ಲ, ಸ್ಲೀಪ್‌ಗೆ ಹಾಕಿದರೂ ಅಳಿಯುವುದಿಲ್ಲ. ಪೂರ್ತಿ ಬಂದ್ ಆಗಬೇಕು, ಇಲ್ಲವೇ ರೀಸ್ಟಾರ್ಟ್ ಆಗಬೇಕು. ಬೆಳಿಗ್ಗೆ ಬಂದವರ ಫೈಲು ಸಂಜೆಯವರೆಗೂ ಅಲ್ಲೇ ಇರುತ್ತದೆ. ಅದಕ್ಕೇ ನಾವು ಮಧ್ಯಾಹ್ನ ಊಟಕ್ಕೆ ಏಳುವಾಗ ರೀಸ್ಟಾರ್ಟ್ ಮಾಡುತ್ತೇವೆ, ಬ್ರೌಸರನ್ನು ಪ್ರೈವೇಟ್ ವಿಂಡೋದಲ್ಲೇ ತೆರೆಯುತ್ತೇವೆ. ಇನ್ನು, ಅದೇ ಹೊತ್ತಿನಲ್ಲಿ ಯಾವುದಾದರೂ ಕೆಟ್ಟ ಪ್ರೋಗ್ರಾಂ ಪಾಸ್‌ವರ್ಡ್ ಕದ್ದು ಕಳಿಸಿದರೆ, ಸಂಜೆ ಅಳಿಸಿ ಏನು ಉಪಯೋಗ? ಪೆನ್ ಡ್ರೈವಿಗೆ ಹತ್ತಿದ ವೈರಸ್ಸೂ ಅದರ ಜೊತೆಗೇ ಮನೆಗೆ ಹೋಗುತ್ತದೆ.

ರ‍್ಯಾಮ್ ಲೆಕ್ಕವೂ ಇದೆ. ಸಾಮಾನ್ಯವಾಗಿ ಅದರ ಅರ್ಧದಷ್ಟು ಜಾಗ ಮಾತ್ರ ಹೀಗೆ ಬರೆಯಲು ಸಿಗುತ್ತದೆ. 8 ಜಿಬಿ ಇದ್ದರೆ 4. ಮೊದಲೇ ಇದ್ದ ದೊಡ್ಡ ಫೈಲಿನಲ್ಲಿ ಒಂದಕ್ಷರ ತಿದ್ದಿದರೂ ಇಡೀ ಫೈಲು ಮೇಲಿನ ಪದರಕ್ಕೆ, ಅಂದರೆ ಆ ಗಾಜಿಗೆ, ನಕಲಾಗುತ್ತದೆ. ಜಾಗ ತುಂಬಿತೋ, ಏನೂ ಸೇವ್ ಆಗುವುದಿಲ್ಲ. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಬಂದ್ ಇಡಿ, ಇಲ್ಲವಾದರೆ ರ‍್ಯಾಮಿನಲ್ಲಿದ್ದದ್ದು ಡಿಸ್ಕಿಗೆ ಇಳಿಯಬಹುದು. ಅಪ್‌ಡೇಟ್ ಕೂಡ ಇದೇ ಪದರದ ಮೇಲೆ ಕೂತು ಅಳಿಸಿಹೋಗುತ್ತದೆ. ಅದಕ್ಕೆ ಓವರ್‌ಲೇ ತೆಗೆದು, ಅಪ್‌ಡೇಟ್ ಹಾಕಿ, ಮತ್ತೆ ಹಾಕಬೇಕು.

"ಮನ್ಯಾಗ ಹಾಕ್ಲೇನು?" ಅಂದರೆ ಬೇಡ ಅನ್ನುತ್ತೇನೆ. ಮಕ್ಕಳ ಪ್ರಾಜೆಕ್ಟ್, ಮದುವೆ ಫೋಟೋ ಇರುವ ಒಂದೇ ಕಂಪ್ಯೂಟರಿಗೆ ಇದು ಸಲ್ಲ. ರುಚಿ ನೋಡಬೇಕಾದರೆ ಪಪ್ಪಿ ಲಿನಕ್ಸ್ ಅನ್ನುವ ಪುಟ್ಟ ಲಿನಕ್ಸನ್ನು ಪೆನ್ ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ಮೊದಲ ಸಲ ಬಂದ್ ಮಾಡುವಾಗ ಉಳಿಸಬೇಕೋ ಬೇಡವೋ ಅಂತ ಅದೇ ಕೇಳುತ್ತದೆ.